ಕಾರು ನೋಡುವ ಮೊದಲು ಗೇಟು ಅಳೆಯಿರಿ

ಸಣ್ಣ ಎಸ್‌ಯುವಿ ತಗೊಳ್ಳಬೇಕು ಅಂತ ಇದ್ದೀರಾ? ಶೋರೂಮಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮನೆ ಗೇಟು ಅಳೆಯಿರಿ. ಕಾರವಾರದ ಕೋಡಿಬಾಗದ ಒಳ ಓಣಿಗಳಲ್ಲಾಗಲಿ, ಶಿರಸಿಯ ಹಳೇ ಬೀದಿಗಳಲ್ಲಾಗಲಿ, ಮನೆ ಕಟ್ಟುವಾಗ ಮುಂದೊಂದು ದಿನ ಕಾರು ಬರುತ್ತದೆ ಅಂತ ಹೆಚ್ಚಿನವರು ಎಣಿಸಿರಲಿಲ್ಲ. ಹ್ಯುಂಡೈ ಎಕ್ಸ್‌ಟರ್ ಅಗಲ 1710 ಮಿ.ಮೀ., ಟಾಟಾ ಪಂಚ್ 1742, ಟಾಟಾ ನೆಕ್ಸಾನ್ 1804. ಇದೆಲ್ಲ ಕನ್ನಡಿ ಬಿಟ್ಟು ಹೇಳುವ ಲೆಕ್ಕ. ಎರಡೂ ಕನ್ನಡಿ ತೆರೆದರೆ ಇನ್ನೊಂದು ಗೇಣಾದರೂ ಬೇಕು, ಒಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆಗೆದು ಇಳಿಯಲೂ ಜಾಗ ಬೇಕಲ್ವಾ?

ಉದ್ದದ ವಿಷಯ ಸುಲಭ. ನಾಲ್ಕು ಮೀಟರ್ ಒಳಗಿನದನ್ನೇ ನೋಡಿ. ಎಕ್ಸ್‌ಟರ್ 3815 ಮಿ.ಮೀ. ಇದೆ, ಪಂಚ್ ಕೂಡ 3.9 ಮೀಟರ್ ಒಳಗೇ. ಮಾರುತಿ ಫ್ರಾಂಕ್ಸ್, ನಿಸಾನ್ ಮ್ಯಾಗ್ನೈಟ್, ನೆಕ್ಸಾನ್ ಎಲ್ಲ ನಾಲ್ಕು ಮೀಟರಿಗೆ ಕೂದಲೆಳೆ ಕಡಿಮೆ. ಭಾನುವಾರ ಸಂತೆಯ ದಿನ ಕಾರವಾರದ ಪೇಟೆಯಲ್ಲಿ ಎರಡು ಗಾಡಿ ನಡುವೆ ಕಾರು ನಿಲ್ಲಿಸಿದವರಿಗೆ ಆ ಒಂದು ಗೇಣಿನ ಬೆಲೆ ಗೊತ್ತು.

ನೆಲದಿಂದ ಎಷ್ಟು ಎತ್ತರ ಅನ್ನೋದನ್ನು ಎಲ್ಲರೂ ಕೇಳುತ್ತಾರೆ. ಎಕ್ಸ್‌ಟರ್ 185 ಮಿ.ಮೀ., ಫ್ರಾಂಕ್ಸ್ 190, ಮ್ಯಾಗ್ನೈಟ್ 205, ನೆಕ್ಸಾನ್ 208. ಪೇಟೆಯ ಹಂಪು, ಹೊಂಡಕ್ಕೆ 185 ಧಾರಾಳ ಸಾಕು. ಆದರೆ ತೋಟದ ಮನೆಗೆ ಹೋಗುವ ಮಣ್ಣು ರಸ್ತೆ ಇದ್ದರೆ, ಗಾಲಿ ಓಡಿ ಓಡಿ ಎರಡು ಬದಿ ತಗ್ಗಾಗಿ ನಡುವೆ ದಿಬ್ಬ ಎದ್ದಿದ್ದರೆ, ಮೇಲಿಂದ ಐದು ಜನ ಕೂತಿದ್ದರೆ, 200ರ ಮೇಲಿನದು ತಗೊಳ್ಳಿ. ಎತ್ತರ ಇದೆ ಅಂತ ಮಳೆಗಾಲದ ಕೆಸರಿನ ಏರಿಗೆ ನುಗ್ಗಿಸಬೇಡಿ. ಈ ಗಾಡಿಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ನೋಡಲು ಜೀಪಿನ ಹಾಗಿದ್ದರೂ ಜೀಪಲ್ಲ.

ಎತ್ತರದಿಂದ ನಿಜವಾದ ಲಾಭ ಅಂದರೆ ಮನೆಯ ಹಿರಿಯರಿಗೆ. ನಮ್ಮ ಅಮ್ಮನಿಗೆ ಮಂಡಿ ನೋವು. ತಗ್ಗು ಕಾರಿನಲ್ಲಿ ಕೂತರೆ ಏಳಲು ಇಬ್ಬರು ಕೈ ಹಿಡಿಯಬೇಕು. ಸೀಟು ಸೊಂಟದ ಮಟ್ಟಕ್ಕೆ ಇದ್ದರೆ ಅವರೇ ಕೂರುತ್ತಾರೆ, ಅವರೇ ಇಳಿಯುತ್ತಾರೆ. ಅದಕ್ಕೇ ಹೇಳುವುದು, ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ.

ಆ ಟೆಸ್ಟ್ ಡ್ರೈವ್ ಇದೆಯಲ್ಲ, ಎಲ್ಲ ನಿರ್ಧಾರ ಆಗಬೇಕಾದ್ದು ಅಲ್ಲೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬರೀ ಪೇಟೆಗೆ ಅಂತ ಯಾರೂ ಕಾರು ತಗೊಳ್ಳುವುದಿಲ್ಲ. ವಾರವಿಡೀ ಶಾಲೆ, ಆಫೀಸು, ಮೀನು ಮಾರ್ಕೆಟ್. ಶನಿವಾರ ಬಂತು ಅಂದರೆ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿ, ಇಲ್ಲಾ ಅಂಕೋಲೆಯಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಶೋರೂಮಿನವರು ಹೆದ್ದಾರಿ 66ರಲ್ಲಿ ಎರಡು ಕಿಲೋಮೀಟರ್ ಓಡಿಸಿ ವಾಪಸ್ ತರುತ್ತಾರೆ. ಸಪಾಟು ರಸ್ತೆಯಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ. ಏರು ಇರುವ ಕಡೆ ಹೋಗೋಣ ಅಂತ ಹಟ ಹಿಡಿಯಿರಿ. ಎಸಿ ಹಾಕಿ, ನಾಲ್ಕು ಜನ ಕೂತು, ಏರಿನ ನಡುವೆ ಗಾಡಿ ಪೂರ್ತಿ ನಿಲ್ಲಿಸಿ. ಮತ್ತೆ ಹೊರಡಿಸಿ. ಹಿಂದೆ ಜಾರಿತಾ? ಎರಡನೇ ಗೇರಿನಲ್ಲಿ ಎಳೆಯುತ್ತದಾ, ಪದೇ ಪದೇ ಮೊದಲನೇ ಗೇರಿಗೆ ಬರಬೇಕಾ? ಘಾಟಿಯಲ್ಲಿ ಮುಂದೆ ಲೋಡು ಲಾರಿ ಇದ್ದಾಗ ಹೀಗೇ ಆಗುವುದು.

ಪಂಚ್, ಎಕ್ಸ್‌ಟರ್‌ಗಳ ಸಾದಾ 1.2 ಲೀಟರ್ ಪೆಟ್ರೋಲ್ ಎಂಜಿನ್ 80 ಚಿಲ್ಲರೆ ಅಶ್ವಶಕ್ತಿಯದು. ಘಾಟಿ ಹತ್ತುತ್ತದೆ, ಆದರೆ ಗೇರು ಇಳಿಸುತ್ತಾ ಹೋಗಬೇಕು. ಮ್ಯಾಗ್ನೈಟ್‌ನ ಸಾದಾ 1.0 ಲೀಟರ್ ಎಂಜಿನ್ 72, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕೊಡುವ ಟರ್ಬೊ ಆದರೆ 100. ತಿಂಗಳಿಗೆ ಎರಡು ಮೂರು ಸಲ ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವವರು 72ರದ್ದು ಬಿಟ್ಟು ಟರ್ಬೊಗೇ ಹೋಗಿ. ಪೇಟೆ ಓಡಾಟವೇ ಜಾಸ್ತಿ ಅಂದರೆ ಸಾದಾ ಎಂಜಿನ್ ಸಾಕು.

ಕ್ಲಚ್ ಒತ್ತಿ ಒತ್ತಿ ಸಾಕಾಗಿದೆ ಅನ್ನುವವರಿಗೆ ಕಡಿಮೆ ದುಡ್ಡಿನಲ್ಲಿ ಸಿಗುವುದು ಎಎಮ್‌ಟಿ, ಅಂದರೆ ಕ್ಲಚ್ ಒತ್ತದೆ ತಾನೇ ಗೇರು ಬದಲಿಸಿಕೊಳ್ಳುವ ಗಾಡಿ. ಪೇಟೆಯಲ್ಲಿ ನಿಜಕ್ಕೂ ಆರಾಮ. ತಿರುವಿನ ಏರಿನಲ್ಲಿ ಮಾತ್ರ ಗೇರು ಬದಲಿಸಲು ಒಂದು ಕ್ಷಣ ತಡಮಾಡುತ್ತದೆ, ಆಗ ಗೇರ್ ಕೋಲನ್ನು ಮ್ಯಾನುಯಲ್‌ಗೆ ಹಾಕಿಕೊಳ್ಳಿ. ಏರಿನಲ್ಲಿ ಬ್ರೇಕ್ ಬಿಟ್ಟಾಗ ಗಾಡಿ ಹಿಂದೆ ಜಾರದಂತೆ ಒಂದೆರಡು ಕ್ಷಣ ಹಿಡಿಯುವ ಹಿಲ್ ಹೋಲ್ಡ್ ಇಲ್ಲದ ಎಎಮ್‌ಟಿ ನಮ್ಮ ಕಡೆಗೆ ಬೇಡವೇ ಬೇಡ. ಯಾವ ಗಾಡಿಯೇ ಇರಲಿ, ಇಳಿಯುವಾಗ ಎರಡನೇ ಗೇರಿನಲ್ಲೋ ಮೂರನೇ ಗೇರಿನಲ್ಲೋ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವವರನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಸಿಎನ್‌ಜಿ ಬೇಕಾದರೆ ಮೊದಲು ನೀವು ಓಡಾಡುವ ದಾರಿಯಲ್ಲಿ ಪಂಪ್ ಎಲ್ಲಿದೆ ನೋಡಿ. ಡಿಕ್ಕಿ ಸಣ್ಣದಾಗುತ್ತದೆ, ಪಂಚ್‌ನಲ್ಲಿ 366 ಲೀಟರ್ ಇದ್ದದ್ದು 210ಕ್ಕೆ ಇಳಿಯುತ್ತದೆ. ಊರಿಂದ ತೆಂಗಿನಕಾಯಿ ಚೀಲ ತರುವವರು ಯೋಚಿಸಿ.

ಇನ್ನು ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ 18 ಶೇಕಡಾ. ಮಾರುತಿ ಬ್ರೆಝಾ ಉದ್ದದಲ್ಲಿ ಸಣ್ಣದೇ, ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ, ಹಾಗಾಗಿ 40 ಶೇಕಡಾ ಬೀಳುತ್ತದೆ. ಆಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. 5ರಿಂದ 10 ಲಕ್ಷದ ಕಾರಿಗೆ 14 ಶೇಕಡಾ, 10 ಲಕ್ಷ ದಾಟಿದರೆ 17, ಅದರ ಮೇಲೆ ಸೆಸ್ ಬೇರೆ. ಅಂದರೆ 9.90 ಲಕ್ಷದ ಬದಲು 10.10 ಲಕ್ಷದ ವೇರಿಯಂಟ್ ಆರಿಸಿದರೆ ಕಾರಿಗೆ 20 ಸಾವಿರ ಹೆಚ್ಚಾಯಿತು ಅಂತ ಕಂಡರೂ ಟ್ಯಾಕ್ಸ್‌ನಲ್ಲೇ ಮತ್ತೆ 33 ಸಾವಿರ ಹೋಗುತ್ತದೆ. ಸುಮ್ನೆ ಸನ್‌ರೂಫ್ ಆಸೆಗೆ ಈ ಗೆರೆ ದಾಟಬೇಡಿ. ನಮ್ಮ ಮಳೆ, ನಮ್ಮ ಬಿಸಿಲಿಗೆ ಅದನ್ನು ತೆರೆಯುವ ದಿನ ಎಷ್ಟು? ಆ ದುಡ್ಡಿಗೆ ಹಿಂದಿನ ವೈಪರ್, ಡಿಫಾಗರ್, ರಿವರ್ಸ್ ಕ್ಯಾಮೆರಾ ಇರುವುದನ್ನು ಆರಿಸಿ. ಜೂನ್ ತಿಂಗಳಲ್ಲಿ ಹಿಂದಿನ ಗಾಜು ಮಂಜಾದಾಗ ಅವೇ ಕೈ ಹಿಡಿಯುವುದು. ಸುರಕ್ಷತೆಯ ನಕ್ಷತ್ರಗಳನ್ನೂ ನೋಡಿ. 2023ರ ಅಕ್ಟೋಬರಿನಿಂದ ಕಾರನ್ನು ಗುದ್ದಿಸಿ ನೋಡುವ ಭಾರತ್ ಎನ್‌ಸಿಎಪಿ ಪರೀಕ್ಷೆ ನಮ್ಮಲ್ಲೇ ನಡೆಯುತ್ತಿದೆ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ, ಸ್ಕೋಡಾ ಕೈಲಾಕ್ ಅದರಲ್ಲಿ ಐದು ನಕ್ಷತ್ರ ಪಡೆದಿವೆ.

ಇನ್ಶೂರೆನ್ಸ್‌ನಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಿಂದಿನ ಕಾರು ಒಂದು ಜುಲೈ ಸಂಜೆ ರಸ್ತೆ ಮೇಲೆ ನಿಂತ ನೀರಿನಲ್ಲಿ ಬಂದ್ ಬಿತ್ತು. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದೆ, ನೀರು ಎಂಜಿನ್ ಒಳಗೆ ಹೋಯಿತು. ಪಾಲಿಸಿಯಲ್ಲಿ ಇಂಥ ರಿಪೇರಿಯ ಖರ್ಚು ಕೊಡುವ ಎಂಜಿನ್ ಪ್ರೊಟೆಕ್ಷನ್ ಕವರ್ ಇರಲಿಲ್ಲ, ರಿಪೇರಿ ಪೂರ್ತಿ ನನ್ನ ಜೇಬಿನಿಂದ. ಕರಾವಳಿಯಲ್ಲಿ ಇರುವವರು ಆ ಕವರ್ ಹಾಕಿಸಿಯೇ ಪಾಲಿಸಿ ಮಾಡಿ. ನೀರಲ್ಲಿ ನಿಂತ ಗಾಡಿಯ ಕೀಲಿ ಮುಟ್ಟಬೇಡಿ, ತಳ್ಳಿ ಪಕ್ಕಕ್ಕೆ ಹಾಕಿ. ಸಮುದ್ರದ ಉಪ್ಪು ಗಾಳಿಗೆ ಕಾರಿನ ಅಡಿಭಾಗ ಬೇಗ ತುಕ್ಕು ಹಿಡಿಯುತ್ತದೆ. ಹೊಸದಿರುವಾಗಲೇ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ಮಳೆಗಾಲ ಮುಗಿದ ಮೇಲೆ ಗಾಡಿ ಎತ್ತಿಸಿ ಸಿಹಿನೀರಿನಲ್ಲಿ ತೊಳೆಸಿ.

ಬುಕ್ ಮಾಡುವ ಮೊದಲು ಸರ್ವಿಸ್ ಎಲ್ಲಿ ಅಂತ ಕೇಳಿ. ಒಂದು ಸಣ್ಣ ಬಿಡಿಭಾಗಕ್ಕೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಬೇಕಾದರೆ ಒಂದು ದಿನದ ರಜೆ ಹೋಯಿತು ಅಂತಲೇ ಲೆಕ್ಕ. ಕೊನೆಗೆ ಗಾಡಿ ಬಂದಾಗ, ನೋಂದಣಿಗೆ ಕಳಿಸುವ ಮೊದಲೇ ಹಗಲು ಬೆಳಕಿನಲ್ಲಿ ಒಮ್ಮೆ ಸುತ್ತು ಹಾಕಿ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಸ್ಟೆಪ್ನಿಯದ್ದೂ ಓದಿ. ಬಣ್ಣದಲ್ಲಿ ಗೀರು ಕಂಡರೆ ಅಲ್ಲೇ ಫೋಟೋ ತೆಗೆದು, ಸರಿ ಮಾಡಿ ಕೊಡುತ್ತೇವೆ ಅಂತ ಬರೆಸಿಕೊಂಡ ಮೇಲೆಯೇ ಉಳಿದ ದುಡ್ಡು ಕಟ್ಟಿ.