ಪಿಡಿಎಫ್‌ನಲ್ಲಿ ಒಡೆದುಹೋದ ಪೊನ್ನಂಪೇಟೆ

ಕೊಡಗಿನ ಊರುಗಳ ಮಳೆ ಲೆಕ್ಕವನ್ನು ನಾವು ಕೆಲವು ಗೆಳೆಯರು ಒಂದು ವೆಬ್ ಪುಟದಲ್ಲಿ ಬರೆದಿಡುತ್ತೇವೆ. ಕಕ್ಕಡದ (ಕೊಡವರ ಆಟಿ ತಿಂಗಳ) ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಅದನ್ನು ಪಿಡಿಎಫ್ ಮಾಡಿ, ಮುದ್ರಿಸಿ, ತೋಟದ ಮನೆಗಳಿಗೆ ತಲುಪಿಸುವುದು ನನ್ನ ಪಾಲಿನ ಕೆಲಸ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಲೈಬ್ರರಿಯಿಂದ (ಸಿದ್ಧ ಕೋಡ್ ಸಂಗ್ರಹದಿಂದ) ಪರಿವರ್ತಿಸಿದಾಗ ಮೊದಲು ಬಂದದ್ದು ಬರೀ ಚೌಕಗಳು. ಕನ್ನಡ ಫಾಂಟ್ ಕೊಟ್ಟ ಮೇಲೆ ಅಕ್ಷರಗಳೇನೋ ಮೂಡಿದವು, ಆದರೆ ಪೊನ್ನಂಪೇಟೆ ‘ಪೊನ್‌ನಂಪೇಟೆ’ಯಾಯಿತು, ಗೋಣಿಕೊಪ್ಪ ‘ಗೋಣಿಕೊಪ್‌ಪ’ವಾಯಿತು. ಊರಿನ ಹೆಸರನ್ನೇ ಕೆಡಿಸಿ ಹಿರಿಯರ ಕೈಗಿಡಲು ಮನಸ್ಸು ಒಪ್ಪಲಿಲ್ಲ. ಎರಡು ರಾತ್ರಿ ಫಾಂಟ್‌ಗಳನ್ನೇ ಬದಲಿಸುತ್ತ ಕುಳಿತೆ. ತಪ್ಪು ಅಲ್ಲಿರಲಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ನ್ನ’ ಎಂದರೆ ನ, ಹಲಂತ (್), ನ ಎಂಬ ಮೂರು ಸಂಕೇತಗಳು. ಅವನ್ನು ಕೂಡಿಸಿ ಒತ್ತಕ್ಷರವಾಗಿ ಚಿತ್ರಿಸುವ ಹಂತವೇ ನಾನು ಬಳಸಿದ ಲೈಬ್ರರಿಯಲ್ಲಿ ನಡೆಯುತ್ತಿರಲಿಲ್ಲ.

ವೀಸಿಪ್ರಿಂಟ್ ಎಂಬ ಇನ್ನೊಂದು ಪೈಥಾನ್ ಲೈಬ್ರರಿಗೆ ಬದಲಾದೆ. ಅದು ಪಠ್ಯವನ್ನು ಪ್ಯಾಂಗೊ ಮತ್ತು ಹಾರ್ಫ್‌ಬಝ್ ಎಂಬ ತಂತ್ರಾಂಶಗಳ ಮೂಲಕ ಜೋಡಿಸುತ್ತದೆ; ಒತ್ತಕ್ಷರ ಕೂಡಿಸುವ ಹಂತ ಅಲ್ಲಿ ನಡೆಯುತ್ತದೆ. ಕಂಪ್ಯೂಟರಿಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಅದೇ ಹೆಸರು ಬರೆದೆ. ಒತ್ತುಗಳೆಲ್ಲ ತಮ್ಮ ಜಾಗಕ್ಕೆ ಬಂದು ಕುಳಿತಾಗ ಆದ ಸಂತೋಷ ಅಷ್ಟಿಷ್ಟಲ್ಲ!

ನಮ್ಮ ಮಳೆಯ ನಕ್ಷೆಯನ್ನು ಬ್ರೌಸರಿನಲ್ಲಿ ಬಿಡಿಸುವುದು ಜಾವಾಸ್ಕ್ರಿಪ್ಟ್ ಕೋಡ್; ವೀಸಿಪ್ರಿಂಟ್ ಅದನ್ನು ಓಡಿಸುವುದಿಲ್ಲ. ಹಾಗಾಗಿ ಆ ನಕ್ಷೆಯಿರುವ ಪುಟವೊಂದನ್ನು ಮಾತ್ರ, ಬ್ರೌಸರನ್ನು ಕೋಡ್‌ನಿಂದ ನಡೆಸುವ ಪ್ಲೇರೈಟ್ ಮೂಲಕ, ಕ್ರೋಮಿಯಂ ಬ್ರೌಸರಿನಿಂದ ಪಿಡಿಎಫ್ ಮಾಡುತ್ತೇನೆ. ಅಲ್ಲಿ ಹಿನ್ನೆಲೆ ಬಣ್ಣ ಮುದ್ರಿಸುವ ಆಯ್ಕೆಯನ್ನು ನಾವೇ ಆನ್ ಮಾಡಬೇಕು.