ಬಾಡಿಗೆ ಬಿಟ್ಟೆ, ಟೀಮ್ ಉಳಿಸಿಕೊಂಡೆ

ಹೋದ ವಾರ ಹುಬ್ಬಳ್ಳಿಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನೂ ಇಲ್ಲೇ ಅಮೆರಿಕದಲ್ಲಿ, ಮುನಿಸಿಪಲ್ ಬಾಂಡ್ ಕೆಲಸದಲ್ಲಿರುವವನು, ಅಂದರೆ ಊರಾಡಳಿತಗಳು ಜನರಿಂದ ಎತ್ತುವ ಸಾಲದ ಕೆಲಸ. 2018ರಲ್ಲಿ ನನ್ನ ಸ್ಟೇಡಿಯಂ ಕರಾರಿನ ಡ್ರಾಫ್ಟ್ ನೋಡಿ, "ಏನಪಾ, ಬಾಡಿಗೀನ ಬಿಟ್ಟುಕೊಟ್ರ ಕೌಂಟಿಗೆ ಉಳಿಯೂದು ಏನು? ತೆಂಗಿನ ಚಿಪ್ಪ?" ಅಂತ ನಕ್ಕಿದ್ದ. ನಾನು ತಿಪಟೂರಿನವನು, ಅದಕ್ಕೇ ಆ ಚಿಪ್ಪಿನ ಮಾತು. ಕೌಂಟಿ ಅಂದರೆ ಇಲ್ಲಿನ ಜಿಲ್ಲಾಡಳಿತ. ಈ ಸಲ ಸ್ವರ ಬೇರೆ ಇತ್ತು. "ಆ ಡ್ರಾಫ್ಟ್ ಒಂದ್ಸಲ ಕಳಸಲೇ" ಅಂದ. ಕಳಿಸಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಮನೆ 'ಲೀಸ್‌ಗೆ' ಅಂದರೆ ಭೋಗ್ಯ. ಇದು ಅದಲ್ಲ. ಇಲ್ಲಿ ಸ್ಟೇಡಿಯಂ ಸರ್ಕಾರದ್ದು, ಟೀಮ್ ಖಾಸಗಿಯವರದ್ದು. ಸಾಲ ಮಾಡಿ ಸ್ಟೇಡಿಯಂ ಕಟ್ಟೋದು ಊರು, ಗಂಟುಮೂಟೆ ಕಟ್ಟೋದು ಟೀಮ್. ಹಾಗೆ ಟೀಮ್ ಊರು ಬಿಡದಂತೆ ಹಿಡಿದಿಡುವ ಕರಾರನ್ನು ಕೌಂಟಿಗಳ ಪರವಾಗಿ ಬರೆಯೋದು ನನ್ನ ಕೆಲಸ.

ನಾನು ಮೊದಲು ಕೈ ಸುಟ್ಟುಕೊಂಡದ್ದು 2009ರಲ್ಲಿ. ಒಂದು ಒಳಾಂಗಣ ಫುಟ್‌ಬಾಲ್ ಟೀಮ್, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಫುಟ್‌ಬಾಲು. 15 ವರ್ಷದ ಲೀಸ್, ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ ಡಾಲರ್ ಬಾಡಿಗೆ. ಮಧ್ಯದಲ್ಲಿ ಬಿಟ್ಟರೆ ಎರಡು ವರ್ಷದ ಬಾಡಿಗೆ ಕಟ್ಟಬೇಕು ಅಂತ ಷರತ್ತು. ಬಾಡಿಗೆ ಜಾಸ್ತಿ ಬರೆಸಿದ್ದಕ್ಕೆ ಕೌಂಟಿಯವರು ನನ್ನ ಬೆನ್ನು ತಟ್ಟಿದರು. ನಾಲ್ಕನೇ ವರ್ಷ ಮಾಲೀಕ ಒಂದು ಚೆಕ್ ಬರೆದ, ಹೊರಟ. ಅವನನ್ನು ಕರೆದ ಊರಿನವರು ಆ ಚೆಕ್ಕಿನ ದುಡ್ಡನ್ನು ಅವನ ಕೈಗೆ ವಾಪಸ್ ತುಂಬಿಕೊಟ್ಟರಂತೆ. ನಮ್ಮ ಕೈಲಿ ಖಾಲಿ ಕಟ್ಟಡ, ಇನ್ನೂ ಹದಿನಾರು ವರ್ಷದ ಬಾಂಡ್ ಕಂತು.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ನಾನು ಎಲ್ಲೂ 'ಹೋಗಬೇಡ' ಅಂತ ಬರೆದೇ ಇರಲಿಲ್ಲ. ಹೋಗೋದಕ್ಕೆ ರೇಟ್ ಬರೆದಿದ್ದೆ. ದೊಡ್ಡವರೂ ಇದೇ ತಪ್ಪು ಮಾಡಿದ್ದಾರೆ. 2017ರಲ್ಲಿ ಚಾರ್ಜರ್ಸ್ ಟೀಮ್ ಸ್ಯಾನ್ ಡಿಯಾಗೊ ಬಿಟ್ಟು ಲಾಸ್ ಏಂಜಲೀಸಿಗೆ ಹೋದಾಗ ಸಿಟಿಗೆ ಕಟ್ಟಿದ್ದು 1.25 ಕೋಟಿ ಡಾಲರ್ ಚಿಲ್ಲರೆ. ಅಮೆರಿಕದ ಫುಟ್‌ಬಾಲಿನ ಅತಿ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನ ಟೀಮಿಗೆ ಅದೊಂದು ಲೆಕ್ಕವೇ?

ಎರಡನೇ ಸಲ ಉಲ್ಟಾ ಹೊಡೆದೆ. ಅದು 2013. ಆಗಷ್ಟೇ ಬಫಲೊ ಬಿಲ್ಸ್ ಟೀಮಿನ 10 ವರ್ಷದ ಲೀಸ್ ಸುದ್ದಿಯಲ್ಲಿತ್ತು. ಊರು ಬಿಟ್ಟರೆ 40 ಕೋಟಿ ಡಾಲರ್ ಕಕ್ಕಬೇಕು ಅನ್ನುವ ಷರತ್ತು. ನನಗೆ ಅದೇ ಗುಂಗು. ಬೇರೊಂದು ಕೌಂಟಿಯ ಸಣ್ಣ ಟೀಮಿಗೆ 4 ಕೋಟಿ ಡಾಲರ್ ಅಂತ ಬರೆದುಬಿಟ್ಟೆ. ಆ ಟೀಮನ್ನು ಬಟ್ಟೆಬರೆ ಸಮೇತ ಮಾರಿದರೂ 60 ಲಕ್ಷ ಹುಟ್ಟುತ್ತಿರಲಿಲ್ಲ. ಎದುರು ಕಡೆಯ ವಕೀಲೆ ನಗಲೂ ಇಲ್ಲ. "ಇದು ನಷ್ಟದ ಅಂದಾಜಲ್ಲ, ದಂಡ. ಜಡ್ಜ್ ಕಿತ್ತು ಹಾಕುತ್ತಾರೆ" ಅಂತ ಒಂದೇ ಸಾಲು ಮೇಲ್ ಮಾಡಿದರು. ನಿಜವೇ ಆಗಿತ್ತು. ಏಳು ತಿಂಗಳು ಎಳೆದಾಡಿ ಮಾತುಕತೆ ಮುರಿಯಿತು. ಫೀಸು, ಓಡಾಟ ಎಲ್ಲ ಸೇರಿ ಕೌಂಟಿಗೆ ಒಂದೂವರೆ ಲಕ್ಷ ಡಾಲರ್ ಮೇಲೆ ಕೈ ಬಿಟ್ಟಿತ್ತು. ಅವರು ನನ್ನನ್ನು ಮತ್ತೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ ಬಿಡಿ.

ಬಫಲೊ ಷರತ್ತು ಕೆಲಸ ಮಾಡಿದ್ದಂತೂ ಹೌದು. 2014ರಲ್ಲಿ ಮಾಲೀಕ ರಾಲ್ಫ್ ವಿಲ್ಸನ್ ತೀರಿಕೊಂಡು ಟೀಮ್ ಮಾರಾಟಕ್ಕೆ ಬಂದಾಗ ಕೆನಡಾದ ಟೊರೊಂಟೊ ಹಣ ಇದ್ದ ಗುಂಪೂ ಸಾಲಿನಲ್ಲಿತ್ತು. ಕೊನೆಗೆ ಸ್ಥಳೀಯ ಪೆಗೂಲಾ ದಂಪತಿ 140 ಕೋಟಿಗೆ ಕೊಂಡರು. ಆದರೆ ಆ ಕರಾರಿನಲ್ಲೂ ಏಳನೇ ವರ್ಷಕ್ಕೆ ಒಂದು ಕಿಂಡಿ ಇತ್ತು. ಆಗ 2.84 ಕೋಟಿ ಕೊಟ್ಟರೆ ಹೋಗಬಹುದಿತ್ತು. ಅಷ್ಟೊತ್ತಿಗೆ ಮಾಲೀಕರೇ ಊರಿನವರಾಗಿದ್ದರು, ಆದ್ದರಿಂದ ಬಚಾವ್. ಕಿಂಡಿಗೆ ಮುಂಚೆ ಮಾರಾಟ ಬಂದದ್ದು ಬಫಲೊ ಅದೃಷ್ಟ ಅಂತಲೇ ನನ್ನ ಲೆಕ್ಕ.

ಸರಿ, ಬಾಡಿಗೆ ವಿಷಯಕ್ಕೆ ಬರುತ್ತೇನೆ. ತಿಪಟೂರಿನಲ್ಲಿ ನಮ್ಮಪ್ಪನಿಗೆ ಎರಡು ಮಳಿಗೆ ಇದ್ದವು. ಒಂದನ್ನು ಮಾರ್ಕೆಟ್ ರೇಟಿಗೆ ಕೊಡುತ್ತಿದ್ದರು. ಎರಡು ವರ್ಷಕ್ಕೊಬ್ಬ ಬಾಡಿಗೆದಾರ, ಪ್ರತಿ ಸಲ ಸುಣ್ಣ ಬಣ್ಣ, ಪ್ರತಿ ಸಲ ಅಡ್ವಾನ್ಸ್ ಜಗಳ. ಇನ್ನೊಂದರಲ್ಲಿ ಒಬ್ಬರು ಟೈಲರ್. ಬಾಡಿಗೆ ಅರ್ಧಕ್ಕಿಂತ ಕಡಿಮೆ. ಆದರೆ ಅಪ್ಪ ಅವರ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು: ಮಳಿಗೆ ಬಿಡುವ ಹಾಗಿಲ್ಲ, ಬೇರೆಯವರಿಗೆ ವಹಿಸುವುದಾದರೆ ಮೊದಲು ನನಗೆ ಹೇಳಬೇಕು. 22 ವರ್ಷ ಅಲ್ಲೇ ಇದ್ದರು. ಅಮ್ಮ ಬೈಯುತ್ತಿದ್ದರು, ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ.

ಇದು ನೆನಪಾದದ್ದು ಮಿನೆಸೋಟ ತೀರ್ಪು ಓದುವಾಗ. ಅದು ಬೇಸ್‌ಬಾಲ್ ಕೇಸು. 2001ರ ಕೊನೆಯಲ್ಲಿ ಲೀಗಿನವರು ಟ್ವಿನ್ಸ್ ಟೀಮನ್ನೇ ಮುಚ್ಚಲು ಹೊರಟಾಗ, 2002ರ ಪಂದ್ಯಗಳನ್ನು ಸ್ಟೇಡಿಯಂನಲ್ಲಿ ಆಡಲೇಬೇಕು ಅಂತ ಅಲ್ಲಿನ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ ಲೀಸಿನಲ್ಲಿ ಬಾಡಿಗೆ ಲೆಕ್ಕಕ್ಕೇ ಬರುವಂತಿರಲಿಲ್ಲ. ಊರಿಗೆ ಸಿಗುತ್ತಿದ್ದದ್ದು ಪಂದ್ಯಗಳೇ, ದುಡ್ಡಲ್ಲ. ದುಡ್ಡಿನಿಂದ ತುಂಬಿಕೊಡಲು ಆಗದ ನಷ್ಟಕ್ಕೇ ಕೋರ್ಟ್ ತಡೆಯಾಜ್ಞೆ ಕೊಡೋದು, ಅಲ್ವಾ? ಅಂದಮೇಲೆ ಬಾಡಿಗೆ ಜಾಸ್ತಿ ಬರೆಸಿದಷ್ಟೂ 'ದುಡ್ಡು ಕೊಟ್ಟರೆ ಮುಗಿಯಿತಲ್ಲ' ಅನ್ನೋದಕ್ಕೆ ನಾವೇ ದಾರಿ ಮಾಡಿಕೊಡುತ್ತಿದ್ದೇವೆ. ರಾತ್ರಿ ಹನ್ನೊಂದೂವರೆಗೆ ಇದು ಹೊಳೆದಾಗ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳಿ" ಅಂದಳು.

2018ರಲ್ಲಿ ಅವಕಾಶ ಬಂತು. ಮಧ್ಯ ಪಶ್ಚಿಮದ ಒಂದು ಕೌಂಟಿ. ಈ ಸಲ ನಾವು ಊರಲ್ಲಿ ಕಾಲಲ್ಲಿ ಒದ್ದು ಆಡುತ್ತಿದ್ದ ಫುಟ್‌ಬಾಲೇ, ಲೀಗ್ ಎರಡನೇ ದರ್ಜೆಯದು. 8,000 ಸೀಟು ಇರಬಹುದು. ದುರಸ್ತಿಗೆ ಕೌಂಟಿ 1.4 ಕೋಟಿ ಡಾಲರ್ ಬಾಂಡ್ ಎತ್ತುತ್ತಿತ್ತು. ಕೇಳಬಹುದಾಗಿದ್ದ ಬಾಡಿಗೆ ವರ್ಷಕ್ಕೆ 3 ಲಕ್ಷ. ನಾನು ಹೇಳಿದೆ, 1 ಡಾಲರ್ ತೆಗೆದುಕೊಳ್ಳಿ. ಪಾರ್ಕಿಂಗ್ ದುಡ್ಡು, ಟಿಕೆಟ್ ಮೇಲಿನ ಸಣ್ಣ ತೆರಿಗೆ ಮಾತ್ರ ಇಟ್ಟುಕೊಳ್ಳಿ. ಸಭೆಯಲ್ಲಿ ಒಬ್ಬ ಸದಸ್ಯರು ನನ್ನನ್ನು ನೋಡಿ, ಇವರಿಗೆ ಸಂಬಳ ಕೊಡುತ್ತಿರುವುದು ನಾವೋ ಟೀಮಿನವರೋ ಅಂತ ಮೈಕಿನಲ್ಲೇ ಕೇಳಿದರು. 15 ವರ್ಷಕ್ಕೆ 45 ಲಕ್ಷ ಹೋಯಿತು ಅಂತ ಪೇಪರಿನವರೂ ಬರೆದರು. ಲೆಕ್ಕ ಸರಿಯಾಗಿಯೇ ಇತ್ತು.

ಆ 45 ಲಕ್ಷಕ್ಕೆ ನಾನು ಕೊಂಡದ್ದು ಇಷ್ಟು. ಲೀಸ್ ಒಂದು ಪತ್ರ, 'ಊರು ಬಿಡುವುದಿಲ್ಲ' ಅನ್ನುವುದು ಪೂರ್ತಿ ಬೇರೆ ಪತ್ರ. ಲೀಸ್ ಸತ್ತರೂ ಇದು ಬದುಕಿರಬೇಕು. ಎರಡನೆಯದಕ್ಕೆ ಟೀಮಿಗೆ ಸಾಲ ಕೊಟ್ಟ ಬ್ಯಾಂಕಿನ ಸಹಿಯೂ ಬೇಕು. ನಾಳೆ ಬ್ಯಾಂಕ್ ಟೀಮನ್ನು ಜಪ್ತಿ ಮಾಡಿ ಮಾರಿದರೂ ಕೊಂಡವನು ಕಟ್ಟುಬಿದ್ದಿರಬೇಕು. ಎಲ್ಲಾ ತವರು ಪಂದ್ಯ ಇಲ್ಲೇ, ವರ್ಷಕ್ಕೆ ಒಂದಕ್ಕೆ ಮಾತ್ರ ವಿನಾಯಿತಿ. ಈ 'ಎಲ್ಲಾ' ಪದಕ್ಕೆ ಮೂರು ವಾರ ಜಗಳ ಆಡಿದ್ದೇನೆ. 1977ರಲ್ಲಿ ನ್ಯೂಯಾರ್ಕ್ ಜೆಟ್ಸ್ ಶುರುವಿನ ಒಂದೆರಡು ಪಂದ್ಯವನ್ನು ನದಿಯಾಚೆ ನ್ಯೂಜೆರ್ಸಿಯಲ್ಲಿ ಆಡುತ್ತೇವೆ ಅಂದದ್ದಕ್ಕೇ ಸಿಟಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಒಂದೆರಡು ಅಂತ ಶುರುವಾದದ್ದು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಜೆಟ್ಸ್ ಕೊನೆಗೆ 1984ರಲ್ಲಿ ನ್ಯೂಜೆರ್ಸಿಗೇ ಹೋಯಿತು, ಅದು ಬೇರೆ ಮಾತು.

ಪರಿಹಾರದ ಮೊತ್ತವನ್ನು ಈ ಸಲ ಗಾಳಿಯಲ್ಲಿ ಬರೆಯಲಿಲ್ಲ. ಆ ವರ್ಷ ಬಾಕಿ ಇರುವ ಬಾಂಡ್ ಸಾಲಕ್ಕೆ ಕಟ್ಟಿದೆ. ಮೊದಲ ವರ್ಷ 1.4 ಕೋಟಿ ಹತ್ತಿರ, ಆಮೇಲೆ ವರ್ಷಕ್ಕೆ 7 ಲಕ್ಷದಂತೆ ಇಳಿಯುತ್ತಾ ಬರುತ್ತದೆ. ದಂಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಕಷ್ಟ ಇರೋದು ಬೇರೆ ಕಡೆ. ಪರಿಹಾರ ಇಷ್ಟು ಅಂತ ಬರೆದ ತಕ್ಷಣ, 'ಹಾಗಾದರೆ ದುಡ್ಡು ಸಾಕಲ್ಲ, ತಡೆಯಾಜ್ಞೆ ಯಾಕೆ' ಅಂತ ಜಡ್ಜ್ ಕೇಳಬಹುದು. ಎರಡನ್ನೂ ಒಂದೇ ಪತ್ರದಲ್ಲಿ ಬದುಕಿಸೋಕೆ ನನ್ನ ಹತ್ತಿರ ಒಂದು ಪ್ಯಾರಾ ಇದೆ. ಎಂಟು ಸಾಲು. ಹುಬ್ಬಳ್ಳಿಯವನು ಕೇಳಿದ್ದು ಅದನ್ನೇ. ಅದು ನನ್ನ ಹೊಟ್ಟೆಪಾಡು, ಕ್ಷಮಿಸಿ.

ಲೀಸ್ ಸೋರೋದು ಬಹಳ ಸಲ ನಮ್ಮ ಕಡೆಯಿಂದಲೇ. ಸೇಂಟ್ ಲೂಯಿಸ್ ಕಥೆ ಎಲ್ಲರಿಗೂ ಗೊತ್ತು. 1995ರಲ್ಲಿ ರ‍್ಯಾಮ್ಸ್ ಟೀಮನ್ನು ಕರೆತರುವ ಆಸೆಗೆ, ಸ್ಟೇಡಿಯಂ ದೇಶದ ಮೊದಲ ಕಾಲು ಭಾಗದ ಸ್ಟೇಡಿಯಂಗಳ ಸಾಲಿನಲ್ಲೇ ಇರುತ್ತದೆ ಅಂತ ಬರೆದುಕೊಟ್ಟರು. 2005ಕ್ಕೊಮ್ಮೆ, 2015ಕ್ಕೊಮ್ಮೆ ಅಳೆಯಬೇಕು. ಜಗಳ ಮಧ್ಯಸ್ಥಗಾರರ ಮುಂದೆ ಹೋದಾಗ ಟೀಮಿನ ದುರಸ್ತಿ ಯೋಜನೆಯೇ ಗೆದ್ದಿತು, ಖರ್ಚು 70 ಕೋಟಿ ಡಾಲರ್ ಅಂದಾಜು. ಊರಿನವರು ಆಗಲ್ಲ ಅಂದರು. 30 ವರ್ಷದ ಲೀಸ್ ವರ್ಷದಿಂದ ವರ್ಷಕ್ಕೆ ಓಡುವ ಲೀಸಾಯಿತು. 2016ರಲ್ಲಿ ಟೀಮ್ ಲಾಸ್ ಏಂಜಲೀಸಿನಲ್ಲಿತ್ತು. ಆಮೇಲೆ ಕೇಸು ಹಾಕಿ 2021ರಲ್ಲಿ 79 ಕೋಟಿಗೆ ರಾಜಿ ಮಾಡಿಕೊಂಡರು. ದುಡ್ಡು ಬಂತು, ಟೀಮ್ ಬರಲಿಲ್ಲ.

ಅದಕ್ಕೇ ನನ್ನ ಪತ್ರದಲ್ಲಿ 'ಉತ್ತಮ', 'ಅತ್ಯಾಧುನಿಕ' ಅನ್ನುವ ಪದವೇ ಇಲ್ಲ. ಎಷ್ಟು ದೀಪ, ಎಷ್ಟು ನಲ್ಲಿ, ಹುಲ್ಲು ಎಷ್ಟು ಎತ್ತರ, ಅಷ್ಟೇ. ಕೌಂಟಿ ತಪ್ಪಿದರೆ ಟೀಮ್ ರಿಪೇರಿ ಮಾಡಿಸಿ ಬಿಲ್ ಕಳಿಸಬಹುದು, ಹೊರಟುಹೋಗುವಂತಿಲ್ಲ. 2020ರ ಫೆಬ್ರುವರಿಯಲ್ಲಿ ಪೈಪು ಹೆಪ್ಪುಗಟ್ಟಿ ಒಡೆದು ಪೂರ್ವದ ಗ್ಯಾಲರಿಯ ಶೌಚಾಲಯ ಹಾಳಾಯಿತು. ನಾಲ್ಕೇ ದಿನಕ್ಕೆ ಟೀಮಿನ ವಕೀಲರ ನೋಟಿಸ್, 'ಕರಾರು ಭಂಗ' ಅಂತ. ನಾನು ಕೌಂಟಿಯ ಪ್ಲಂಬರ್ ಜೊತೆ ಟಾರ್ಚ್ ಹಿಡಿದು ಒಂದೊಂದೇ ನಲ್ಲಿ ತಿರುಗಿಸಿ ನೋಡಿದೆ. ಪಟ್ಟಿಯಲ್ಲಿ 112, ಕೆಟ್ಟದ್ದು 19. ಕೈ ಮರಗಟ್ಟಿ ಪೆನ್ ಹಿಡಿಯಲು ಆಗುತ್ತಿರಲಿಲ್ಲ, ಅವನೇ ಬರೆದುಕೊಂಡ. ಹತ್ತು ದಿನಕ್ಕೆ 19ನ್ನೂ ಸರಿ ಮಾಡಿಸಿ ಫೋಟೊ ಕಳಿಸಿದೆವು. 6,000 ಡಾಲರ್ ಒಳಗೆ ಮುಗಿಯಿತು.

ಕೆಲವು ಪ್ರಯೋಗ ನೆಗೆದು ಬಿದ್ದವು. ಗ್ರೀನ್ ಬೇ ಪ್ಯಾಕರ್ಸ್ ಥರ ಊರಿನ ಜನಕ್ಕೇ ಷೇರು ಕೊಡಿಸೋಣ ಅಂತ ಹೊರಟೆ. ಅವರದ್ದು 1923ರಿಂದ ಜನರ ಟೀಮು, ಎನ್‌ಎಫ್‌ಎಲ್‌ನಲ್ಲಿ ಇನ್ಯಾರಿಗೂ ಹಾಗೆ ಬಿಡುವುದಿಲ್ಲ. ನಮ್ಮ ಲೀಗೂ ಬೇಡ ಅಂದಿತು. ಕೌಂಟಿಗೆ ಒಂದೇ ಒಂದು ಷೇರು ಕೇಳಿದೆ, ಅದೂ ಇಲ್ಲ. ಸೀಸನ್ ಟಿಕೆಟ್ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟು ಪಂದ್ಯಕ್ಕೊಂದು ಕಂತಿನಂತೆ ಬಿಡುಗಡೆ ಮಾಡೋಣ ಅಂದೆ. ಬ್ಯಾಂಕಿನ ಫೀಸೇ ಬಡ್ಡಿಯನ್ನು ನುಂಗಿತು.

ಒಂದು ಮಾತ್ರ ಸಲೀಸಾಗಿ ಸಿಕ್ಕಿತು. ಟೀಮ್ ಹೋದರೆ ಹೆಸರು, ಬಣ್ಣ, ಲಾಂಛನ ಊರಿಗೇ ಉಳಿಯಬೇಕು. 1996ರಲ್ಲಿ ಬ್ರೌನ್ಸ್ ಟೀಮ್ ಬಾಲ್ಟಿಮೋರಿಗೆ ಹೋದಾಗ ಕ್ಲೀವ್‌ಲ್ಯಾಂಡ್ ಹಾಗೆ ಉಳಿಸಿಕೊಂಡಿತು. ನಮ್ಮ ಮಾಲೀಕ ಅದು ಯಾರಿಗೆ ಬೇಕು ಅಂತ ನಕ್ಕು ಸಹಿ ಹಾಕಿದ. ಆ ಬ್ರೌನ್ಸ್ ಗಲಾಟೆಯ ಮೇಲೆಯೇ ಕ್ಲೀವ್‌ಲ್ಯಾಂಡ್ ಇರುವ ಒಹಾಯೊ ರಾಜ್ಯದಲ್ಲಿ ಒಂದು ಕಾನೂನು ಬಂದಿತ್ತು: ತೆರಿಗೆ ದುಡ್ಡಿನ ಸ್ಟೇಡಿಯಂನಲ್ಲಿ ಆಡುವ ಟೀಮ್ ಬಿಡುವ ಮುಂಚೆ ಆರು ತಿಂಗಳ ನೋಟಿಸ್ ಕೊಡಬೇಕು, ಊರಿನವರಿಗೆ ಕೊಳ್ಳಲು ಅವಕಾಶ ಕೊಡಬೇಕು. ನಾವು ಮಾತುಕತೆ ನಡೆಸುತ್ತಿದ್ದಾಗಲೇ ಅದೇ ರಾಜ್ಯದವರು ಕೊಲಂಬಸ್ ಕ್ರೂ ಟೀಮನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಹೋಗದಂತೆ ಹಿಡಿಯಲು ಅದೇ ಕಾನೂನು ಹಿಡಿದು ಕೋರ್ಟಿಗೆ ಹೋಗಿದ್ದರು. ನಮ್ಮ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಇಲ್ಲದಿದ್ದರೆ ಏನು, ಕರಾರಿನಲ್ಲೇ ಬರೆದುಕೊಂಡೆ. ಕಾನೂನು ಬರಲಿ ಅಂತ ಕಾಯುತ್ತಾ ಕೂರಬಾರದು. 1984ರ ಮಾರ್ಚಿನಲ್ಲಿ ಕೋಲ್ಟ್ಸ್ ಟೀಮ್ ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಬಾಲ್ಟಿಮೋರಿನಿಂದ ಇಂಡಿಯಾನಾಪೊಲಿಸ್‌ಗೆ ಹೋಯಿತು. ಟೀಮನ್ನೇ ವಶಪಡಿಸಿಕೊಳ್ಳುವ ಮಸೂದೆಗೆ ಮೇರಿಲ್ಯಾಂಡ್ ಗವರ್ನರ್ ಸಹಿ ಹಾಕಿದ್ದು ಮಾರನೇ ದಿನ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋದು ಇದಕ್ಕೇ.

ಪರೀಕ್ಷೆ ಬಂದದ್ದು 2023ರಲ್ಲಿ. ಬೇರೆ ರಾಜ್ಯದ ಒಂದು ಗುಂಪು ಟೀಮ್ ಕೊಳ್ಳಲು ಬಂತು, ಅವರ ಊರಲ್ಲಿ ಹೊಸ ಸ್ಟೇಡಿಯಂ ಏಳುತ್ತಿತ್ತು. ಒಂದು ಮಂಗಳವಾರ ಅವರ ವಕೀಲರ ಫೋನ್. ಸ್ಪೀಕರಿನಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದ ಹಾಗಿತ್ತು.

"31ನೇ ಪುಟ. ಪರಿಹಾರದ ಮೊತ್ತ ಕಟ್ಟಿದರೆ ನಾವು ಬಿಡುಗಡೆ, ಅಲ್ಲವೇ?"

"ಅಲ್ಲ."

"ಮತ್ತೆ ಅದು ಯಾಕಿದೆ?"

"ಕೋರ್ಟ್ ತಡೆಯಾಜ್ಞೆ ಕೊಡದಿದ್ದರೆ ಅಂತ. 32ನೇ ಪುಟ ನೋಡಿ. ತಡೆಯಾಜ್ಞೆಗೆ ಟೀಮ್ ಮೊದಲೇ ಒಪ್ಪಿದೆ. ಬ್ಯಾಂಕಿನ ಸಹಿ ಕೊನೆಯ ಹಾಳೆಯಲ್ಲಿದೆ."

ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಯಾರೋ ಮ್ಯೂಟ್ ಮಾಡಿದರು. ಎರಡು ನಿಮಿಷ ನಾನು ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ. ವಾಪಸ್ ಬಂದು "ಥ್ಯಾಂಕ್ಸ್" ಅಂದರು, ಇಟ್ಟರು. ಮೂರು ವಾರಕ್ಕೆ ಅವರ ಆಫರ್ ಬಿದ್ದುಹೋಯಿತು. ಮಾಲೀಕ ಕೌಂಟಿ ಕಚೇರಿಗೆ ಬಂದು ಕೂಗಾಡಿದ. ಅವನ ಸಿಟ್ಟಿನಲ್ಲೂ ಅರ್ಥ ಇತ್ತು, ಕಳಕೊಂಡದ್ದು 50 ಲಕ್ಷ ಡಾಲರಿನಷ್ಟು ಹೆಚ್ಚುವರಿ ಬೆಲೆ. ಮುಂದಿನ ವರ್ಷ ಊರಿನ ಇಬ್ಬರು ಉದ್ಯಮಿಗಳಿಗೆ ಕಡಿಮೆಗೆ ಮಾರಿದ. ಮೈಕಿನಲ್ಲಿ ನನ್ನನ್ನು ಕೇಳಿದ್ದ ಸದಸ್ಯರು ಈಗ ಸಿಕ್ಕಾಗ ಕೈ ಕುಲುಕುತ್ತಾರೆ. ಆ ಪ್ರಶ್ನೆ ನನಗೆ ನೆನಪಿದೆ, ಅವರಿಗೆ ಇಲ್ಲ.

ಒಂದು ಭಯ ಇದ್ದೇ ಇದೆ, ದಿವಾಳಿ ಕೋರ್ಟು. ದಿವಾಳಿ ಎದ್ದ ಟೀಮ್ ಲೀಸನ್ನು ತಳ್ಳಿಹಾಕಬಹುದು. ಬೇರೆ ಪತ್ರ ಮಾಡಿದ್ದು ಅರ್ಧ ಅದಕ್ಕೇ, ಆದರೆ ಅಲ್ಲಿ ಅದು ನಿಲ್ಲುತ್ತದೋ ಇಲ್ಲವೋ ನನ್ನ ಪತ್ರದ ಮೇಲೆ ಇನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಮಾಡುವುದೂ ಬೇಡ.

ಈ ತಿಂಗಳು ಸ್ಕೋರ್ ಬೋರ್ಡ್ ಕೆಟ್ಟಿದೆ. ಹೊಸ ಮಾಲೀಕರ ವಕೀಲರಿಂದ ನೋಟಿಸ್ ಬಂದಿದೆ, ಭಾಷೆ ಸ್ವಲ್ಪ ಮೆತ್ತಗಿದೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಮೊದಲು ಪಟ್ಟಿ ತೆಗೆದು ನೋಡಬೇಕು, ಬಲ್ಬ್ ಎಷ್ಟು ಅಂತ ಬರೆದಿದ್ದೆನೋ.