ಒಂದು ಸೆಮಿಸ್ಟರ್‌ಗೆ ಟ್ಯೂಬಿಂಗನ್‌ಗೆ ಬರುತ್ತಿದ್ದೀರಾ?

ನಾನು ಈ ಊರಿಗೆ ಬಂದ ಎರಡನೇ ವಾರ ನನ್ನ ಬಾಗಿಲಿಗೆ ಯಾರೋ ಒಂದು ಪುಟ್ಟ ಹಲಗೆ ನೇತುಹಾಕಿದ್ದರು. ‘ಕೇರ್‌ವೊಖೆ’ ಅಂತ ಬರೆದಿತ್ತು. ಹೊಸಬನಿಗೆ ಸ್ವಾಗತ ಇರಬೇಕು ಅಂದುಕೊಂಡು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಭಾನುವಾರ ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು ಅನ್ನುವುದೇ ಆ ಹಲಗೆಯ ಅರ್ಥ! ಜರ್ಮನಿಯ ಈ ಶ್ವಾಬಿಯಾ ಸೀಮೆಯ ಹಳೇ ಪದ್ಧತಿ ಅದು.

ಊರಲ್ಲಿ ನಾನು ಪೊರಕೆ ಮುಟ್ಟಿದವನಲ್ಲ. ಅಮ್ಮ, ಅಕ್ಕ, ಕೆಲಸದವರು, ಯಾರೋ ಒಬ್ಬರು ಗುಡಿಸುತ್ತಿದ್ದರು. ಅದನ್ನು ಯೋಚಿಸಲೂ ಇಲ್ಲ ಅನ್ನುವುದು ಆ ಮೆಟ್ಟಿಲ ಮೇಲೆ ಕೂತು ಒರೆಸುವಾಗಲೇ ಹೊಳೆದದ್ದು. ಹುಡುಗರೇ, ಬರುವ ಮುಂಚೆ ಮನೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಕೊಂಡು ಬನ್ನಿ.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು-ಮೊಸರು ಶನಿವಾರವೇ ತಂದಿಡಿ. ಸ್ಟೀಲ್ ಡಬ್ಬಿ, ಸ್ಟೀಲ್ ಲೋಟ ಊರಿಂದಲೇ ತನ್ನಿ. ಒಮ್ಮೆ ಬಳಸಿ ಬಿಸಾಡುವ ಕಪ್ಪಿಗೆ ಈ ಊರು 2022ರಿಂದ 50 ಸೆಂಟ್ ತೆರಿಗೆ ಹಾಕುತ್ತದೆ.

ಇನ್ನು ಕ್ಲಾಸು. ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಅಂತ ಇದ್ದರೆ ಪಾಠ ಶುರುವಾಗುವುದು 10.15ಕ್ಕೆ. ‘ಎಸ್.ಟಿ.’ ಅಂತಿದ್ದರೆ ಸರಿಯಾಗಿ ಹತ್ತಕ್ಕೆ. ಅಂಕಗಳು ನಮ್ಮ ಲೆಕ್ಕಕ್ಕೆ ತಲೆಕೆಳಗು: 1.0 ಬಂದರೆ ಮನೆಗೆ ಫೋನ್ ಮಾಡಿ, 5.0 ಬಂದರೆ ಫೇಲು.

ನನಗೆ ಕಷ್ಟವಾದದ್ದು ಅಂಕಗಳಲ್ಲ, ಸೆಮಿನಾರ್. ಹದಿನೈದು ಜನ ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ನಾಲ್ಕು ವಾರ ನಾನು ಬಾಯಿ ಬಿಡಲಿಲ್ಲ. ಐದನೇ ವಾರ ಪ್ರೊಫೆಸರ್ ನೇರವಾಗಿ ಕೇಳಿದರು. ಓದಿದ್ದನ್ನೆಲ್ಲ ಚೆನ್ನಾಗಿ ಒಪ್ಪಿಸಿದೆ. ‘ಇದು ಪುಸ್ತಕದಲ್ಲಿದೆ. ನೀವೇನಂತೀರಿ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ವರ್ಷ ಓದಿದ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ಸುಮ್ನೆ ಹೇಳುತ್ತಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ, ಲೇಖಕರ ಮಾತು ನನಗೆ ಒಪ್ಪಿಗೆಯಿಲ್ಲ ಅಂತ ತಡವರಿಸುತ್ತಾ ಹೇಳಿದೆ. ಪ್ರೊಫೆಸರ್‌ಗೆ ಕೋಪ ಬರಲಿಲ್ಲ, ಬರೆದುಕೊಂಡರು! ಇಲ್ಲಿ ಎದುರು ಮಾತಾಡಿದರೆ ಅಗೌರವ ಅಲ್ಲ. ಪಾಠ ಮುಗಿದ ಮೇಲೆ ಎಲ್ಲರೂ ಮೇಜು ಕುಟ್ಟಿದರೆ ಗಾಬರಿ ಬೀಳಬೇಡಿ, ಅದು ಇವರ ಚಪ್ಪಾಳೆ.

ಭಾಷೆಯ ವಿಷಯದಲ್ಲಿ ನಾವು ಅಷ್ಟು ಹೆದರಬೇಕಿಲ್ಲ. ‘ಡು’, ‘ಝೀ’ ಅಂದರೆ ನಮ್ಮ ನೀನು, ನೀವು ಇದ್ದಹಾಗೆ. ಸಹಪಾಠಿಗಳಿಗೆ ಮೊದಲ ದಿನದಿಂದಲೇ ‘ಡು’, ಪ್ರೊಫೆಸರ್‌ಗೆ ‘ಝೀ’. ಮಾತು ಮಾತಿಗೆ ‘ಸರ್’ ಅನ್ನಬೇಡಿ. ‘ಯಾಕಂದರೆ’ ಅಂತ ಶುರುವಾಗುವ ಮಾತಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಹುಡುಗರು ಅದಕ್ಕೇ ಒದ್ದಾಡುತ್ತಾರೆ, ನಮಗೆ ಅದು ಮನೆಯ ಅಭ್ಯಾಸ, ಅಲ್ವಾ?

ಧೈರ್ಯ ಬೇಕಾದರೆ ಕಿಟೆಲ್ ಅವರನ್ನು ನೆನೆಸಿಕೊಳ್ಳಿ. 1853ರಲ್ಲಿ ಭಾರತಕ್ಕೆ ಹೊರಟಾಗ ಅವರಿಗೆ ಇಪ್ಪತ್ತರ ಆಸುಪಾಸು, ಹೆಚ್ಚೂ ಕಡಿಮೆ ನಿಮ್ಮದೇ ವಯಸ್ಸು. ಧಾರವಾಡ, ಮಂಗಳೂರು, ಮಡಿಕೇರಿ ಸುತ್ತಿ ಕನ್ನಡ ಕಲಿತರು. ಅವರ ನಿಘಂಟು 1894ರಲ್ಲಿ ಬಂತು. ಇದೇ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ಅವರು ಜರ್ಮನರ ಜೊತೆಗೇ ಕೂತಿದ್ದರೆ ಆ ನಿಘಂಟು ಆಗುತ್ತಿತ್ತೇ?

ಇದನ್ನು ಹೇಳಲು ಕಾರಣವಿದೆ. ಪ್ರತಿ ವರ್ಷ ನೋಡುತ್ತೇನೆ: ಅಕ್ಟೋಬರಿನಲ್ಲಿ ಬಂದವರು ನವೆಂಬರ್ ಹೊತ್ತಿಗೆ ಒಂದು ಭಾರತೀಯ ಗುಂಪು ಸೇರಿ, ಒಂದೇ ಅಡುಗೆಮನೆಯಲ್ಲಿ ಅನ್ನ-ಸಾರು ಮಾಡಿಕೊಂಡು, ಫೆಬ್ರವರಿಯಲ್ಲಿ ವಾಪಸ್ ಹೋಗುತ್ತಾರೆ. ತಪ್ಪೇನಿಲ್ಲ, ಸಂಜೆ ಐದಕ್ಕೇ ಕತ್ತಲಾಗುವ ಚಳಿಗಾಲದಲ್ಲಿ ನಮ್ಮವರು ಬೇಕು. ಭಾನುವಾರದ ನಿಶ್ಶಬ್ದ ನನ್ನನ್ನೂ ಅಳಿಸಿದೆ. ಆದರೆ ಆ ಭಾನುವಾರಗಳಲ್ಲಿ ಅರ್ಧವನ್ನಾದರೂ ನೆಕ್ಕರ್ ನದಿಯ ದಂಡೆಯಲ್ಲಿ ಒಬ್ಬರೇ ನಡೆದು ನೋಡಿ. ಇಲ್ಲಾ, ನಿಮ್ಮ ಮಹಡಿಯ ಅಡುಗೆಮನೆಗೆ ಹೋಗಿ ಒಂದು ಒಗ್ಗರಣೆ ಹಾಕಿ. ಘಾಟಿಗೆ ಜನ ತಾನಾಗಿ ಬರುತ್ತಾರೆ. (ಕಿಟಕಿ ತೆರೆದಿಡಿ, ಹೊಗೆ ಅಲಾರಂ ಕೂಗಿಕೊಳ್ಳುತ್ತದೆ.)

ದೀಪಾವಳಿಗೆ ನಮ್ಮ ಮನೆಗೆ ಬನ್ನಿ. ಒಂದೇ ಷರತ್ತು: ಕನ್ನಡ ಬಾರದ ಒಬ್ಬರನ್ನಾದರೂ ಕರೆತರಬೇಕು. ಹೋಳಿಗೆ ನಾನು ಮಾಡುತ್ತೇನೆ. ಮೆಟ್ಟಿಲು ಗುಡಿಸುವ ಸರದಿ ಆ ವಾರ ನಮ್ಮದೇ ಆಗಿದ್ದರೆ, ಪೊರಕೆ ಬಾಗಿಲ ಹಿಂದೆಯೇ ಇರುತ್ತದೆ.